ಭಾನುವಾರದ ಮರುದಿನ ಸೋಮವಾರವೇ ಏಕೆ?

ಹೋರೆಯ ಲೆಕ್ಕದಿಂದ, ಅಂದರೆ ದಿನದ ಒಂದೊಂದು ಗಂಟೆಗೂ ಒಂದು ಗ್ರಹ ಅಧಿಪತಿ ಎಂಬ ಲೆಕ್ಕದಿಂದ. ನಿಧಾನದಿಂದ ವೇಗದ ಕಡೆಗೆ ಗ್ರಹಗಳ ಸಾಲು: ಶನಿ, ಗುರು, ಕುಜ (ಮಂಗಳ), ರವಿ, ಶುಕ್ರ, ಬುಧ, ಚಂದ್ರ. ಗಂಟೆಗೊಂದು ಗ್ರಹ, ಸೂರ್ಯೋದಯದ ಹೋರೆಯ ಅಧಿಪತಿಯದೇ ಆ ವಾರ. ಭಾನುವಾರ ರವಿಯಿಂದ ಎಣಿಸಿ: 22ನೆಯದು ಮತ್ತೆ ರವಿ, 23 ಶುಕ್ರ, 24 ಬುಧ, 25ನೆಯದು, ಅಂದರೆ ಮರುದಿನದ ಮೊದಲನೆಯದು, ಚಂದ್ರ.

ಕಾಸರಗೋಡಿನ ಗೋಡೆಯ ಮಲಯಾಳಂ ಕ್ಯಾಲೆಂಡರಿನಲ್ಲಿ ಮಂಗಳವಾರಕ್ಕಿರುವ ‘ಚೊವ್ವ’ ಕುಜನೇ. ತುಳುವಿನ ‘ಅಂಗಾರೆ’ಯೂ ಅವನೇ. ರೋಮನ್ನರ ಬುಧನ ದಿನಕ್ಕೆ ಇಂಗ್ಲಿಷರ ಪೂರ್ವಜರು ತಮ್ಮ ದೇವರು ವೋಡನ್‌ನ ಹೆಸರಿಟ್ಟರು, ಅದೇ ವೆಡ್ನೆಸ್‌ಡೇ.

ಹೋರೆ ನೋಡುವವರು ಎಡವುವುದು ಬೆಳಗಿನ 6ರಿಂದ ಎಣಿಸಿ. ಜನವರಿ ಕೊನೆಗೆ ಕಾಸರಗೋಡಿನಲ್ಲಿ ಸೂರ್ಯೋದಯವೇ 6:50 ದಾಟುತ್ತದೆ. ಹೆಚ್ಚುಕಡಿಮೆ ಒಂದಿಡೀ ಹೋರೆ ತಪ್ಪುತ್ತದೆ. ನಡುರಾತ್ರಿ ವಾರ ಬದಲಾಗುವುದು ಗಡಿಯಾರಕ್ಕೆ, ಪಂಚಾಂಗಕ್ಕಲ್ಲ.