ಸಿಂಗಪುರದಲ್ಲಿ ಒಂದೇ ಸಂಜೆ ಶಾಪಿಂಗ್

ಪ್ರಶ್ನೆ: ಸಿಂಗಪುರ ಪ್ರವಾಸದಲ್ಲಿ ಶಾಪಿಂಗ್‌ಗೆ ಒಂದೇ ಸಂಜೆ ಸಿಗುತ್ತದೆ. ಎಲ್ಲರೂ ಆರ್ಚರ್ಡ್ ರಸ್ತೆ ಅನ್ನುತ್ತಾರೆ. ಅಲ್ಲಿಗೇ ಹೋಗಬೇಕಾ?

ಉತ್ತರ: ನಾನಾದರೆ ಹೋಗುವುದಿಲ್ಲ. ಆರ್ಚರ್ಡ್‌ನ ಮಾಲ್‌ಗಳು ನೋಡಲು ಚೆಂದ. ಆದರೆ ಅಲ್ಲಿ ಕಾಣುವ ಬ್ರ್ಯಾಂಡ್‌ಗಳು ಬಹುಪಾಲು ನಮ್ಮೂರಿನಲ್ಲೂ ಇವೆ, ಅಲ್ವಾ? ಸುಮ್ನೆ ಲಿಟಲ್ ಇಂಡಿಯಾಕ್ಕೆ ಹೋಗಿ. ಫಾರರ್ ಪಾರ್ಕ್ ನಿಲ್ದಾಣದ ಹತ್ತಿರವೇ ಮುಸ್ತಫಾ ಸೆಂಟರ್. ಸೆಂಟು, ಚಾಕೊಲೇಟು, ವಾಚು, ಸೂಟ್‌ಕೇಸು ಎಲ್ಲ ಒಂದೇ ಕಡೆ. ನಾನು ಟೈಗರ್ ಬಾಮ್ ತರಲು ಒಳಹೊಕ್ಕವಳು ಎರಡು ತಾಸು ಕಳೆದು ಹೊರಬಂದೆ! ಕೀಚೈನ್, ಮ್ಯಾಗ್ನೆಟ್‌ಗೆ ಚೈನಾಟೌನ್. ಹುಡುಗಿಯರ ಅಗ್ಗದ ಟಾಪ್‌ಗಳಿಗೆ ಬುಗಿಸ್ ಸ್ಟ್ರೀಟ್.

ತೆರಿಗೆ ವಾಪಸಾತಿ ಮಾತ್ರ ಮರೆಯಬೇಡಿ. ಅಲ್ಲಿ ಜಿಎಸ್‌ಟಿ 9%. ಈ ವಾಪಸಾತಿ ಯೋಜನೆಗೆ ಸೇರಿದ ಅಂಗಡಿಯಲ್ಲಿ ಕನಿಷ್ಠ 100 ಸಿಂಗಪುರ ಡಾಲರ್‌ನಷ್ಟು ಕೊಂಡರೆ, ಸೇವಾಶುಲ್ಕ ಕಳೆದು ಉಳಿದ ತೆರಿಗೆ ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ. ಚಾಂಗಿ ವಿಮಾನ ನಿಲ್ದಾಣದಲ್ಲಿ ಲಗೇಜು ಕೊಡುವ ಮೊದಲೇ ಕಿಯಾಸ್ಕ್‌ನಲ್ಲಿ ಅರ್ಜಿ ಹಾಕಿ. ಕೊಂಡ ಸಾಮಾನು ತೋರಿಸಿ ಎನ್ನಬಹುದು. ನಾನು ಪೆಟ್ಟಿಗೆ ಕೊಟ್ಟ ಮೇಲೆ ನೆನಪಿಸಿಕೊಂಡು ಪೆಚ್ಚಾದೆ.

ಹಾಂ, ಅಲ್ಲಿನ ಪ್ಲಗ್‌ಗೆ ಮೂರು ಚಪ್ಪಟೆ ಪಿನ್. ಮಿಕ್ಸಿ ಗಿಕ್ಸಿ ಕೊಳ್ಳುವ ಮುಂಚೆ ಅದನ್ನೂ ನೋಡಿ.