ನಾಯಿ ಕಚ್ಚಿದರೆ ಇಮ್ಯುನೋಗ್ಲೋಬ್ಯುಲಿನ್ ಯಾಕೆ?

ಅಕ್ಕಾರೇ, ನಿನ್ನೆ ಬಾಗಲಕೋಟೆ ನವನಗರದಲ್ಲಿ ಮಗನಿಗೆ ನಾಯಿ ಕಚ್ಚಿದೆ, ಲಸಿಕೆ ಹಾಕಿಯೂ ಚೀಟಿಯಲ್ಲಿ ‘ಇಮ್ಯುನೋಗ್ಲೋಬ್ಯುಲಿನ್’ ಅಂತ ಬರೆದಿದ್ದಾರೆ, ಎರಡೂ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಒಂದೇ ಅಲ್ಲ. ಲಸಿಕೆ ಹಾಕಿದ ಮೇಲೆ ರೇಬಿಸ್ ವಿರುದ್ಧದ ಪ್ರತಿಕಾಯಗಳನ್ನು, ಅಂದರೆ ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನುಗಳನ್ನು, ಹುಡುಗನ ದೇಹವೇ ತಯಾರಿಸಬೇಕು, ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಸುಮ್ನೆ ಕೂರುವ ಹಾಗಿಲ್ಲ. ಇಮ್ಯುನೋಗ್ಲೋಬ್ಯುಲಿನ್ ಅಂದರೆ ಕುದುರೆಯ ಇಲ್ಲವೇ ಮನುಷ್ಯರ ರಕ್ತದಿಂದ ತೆಗೆದ, ಮೊದಲೇ ತಯಾರಾಗಿರುವ ಪ್ರತಿಕಾಯ. ವೈರಸ್ ನರಕ್ಕೆ ಸೇರುವ ಮೊದಲೇ ತಡೆಯಲಿ ಅಂತ ಅದನ್ನು ಗಾಯದ ಒಳಗೆ, ಸುತ್ತಲೂ ಚುಚ್ಚುತ್ತಾರೆ. ನೋವು ಜಾಸ್ತಿ, ಹುಡುಗ ಅಳುತ್ತಾನೆ, ಆದರೂ ಬೇಡ ಅನ್ನಬೇಡಿ.

ಹೀಗೆ ಹೊರಗಿನಿಂದ ಬಂದ ರಕ್ಷಣೆಗೆ ಡಾಕ್ಟರು ಪ್ಯಾಸಿವ್ ಇಮ್ಯುನಿಟಿ ಅನ್ನುತ್ತಾರೆ. ಕೈಗಡ ತಂದ ಹಿಟ್ಟಿನ ಹಾಗೆ, ಕೆಲವು ವಾರಕ್ಕೆ ಮುಗಿದುಹೋಗುತ್ತದೆ. ಅದಕ್ಕೇ ಉಳಿದ ಲಸಿಕೆ ಒಂದನ್ನೂ ತಪ್ಪಿಸಬಾರದು.

ಎಲ್ಲ ಕಡಿತಕ್ಕೂ ಇದು ಬೇಕಿಲ್ಲ. ನಿಮ್ಮ ಮಗನಿಗೆ ಚರ್ಮ ಹರಿದು ರಕ್ತ ಬಂದಿದೆಯಲ್ಲ, ಅದಕ್ಕೆ ಬರೆದಿದ್ದಾರೆ. ಮೊದಲ ಲಸಿಕೆಯ ದಿನವೇ ಕೊಡಬೇಕಿತ್ತು, ತಪ್ಪಿದರೆ 7 ದಿನದೊಳಗೆ. ಕಾಯಬೇಡಿ, ಇವತ್ತೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಯಾರಾದರೂ ಗಾಯಕ್ಕೆ ಅರಿಶಿನವೋ ಸುಣ್ಣವೋ ಹಚ್ಚಿದ್ದರೆ ಮೊದಲು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ.