ಮೇಲ್ ಓದುವವರು ಇದ್ದಾರೆ, ಆದರೆ ನೀವು ಅಂದುಕೊಂಡ ಮಂದಿ ಅಲ್ಲ

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ಯಾದಗಿರಿಯಲ್ಲಿ ಕೂತು ಕನ್ನಡದ ಒಂದು ವೆಬ್‌ಸೈಟ್ ನಡೆಸುತ್ತಿದ್ದೀರಿ. ಗೂಗಲ್‌ನಿಂದ ಬರುವವರು ಕಡಿಮೆ ಆಗಿದ್ದಾರೆ, ಫೇಸ್‌ಬುಕ್ ಪೇಜಿನಲ್ಲಿ ಲಿಂಕ್ ಹಾಕಿದರೆ ಯಾರ ಕಣ್ಣಿಗೂ ಬೀಳುತ್ತಿಲ್ಲ. ಯಾರೋ ಇಮೇಲ್ ನ್ಯೂಸ್‌ಲೆಟರ್, ಅಂದರೆ ಹೆಸರು ಕೊಟ್ಟ ಓದುಗರಿಗೆಲ್ಲ ಆಗಾಗ ಮೇಲಿನಲ್ಲಿ ಕಳಿಸುವ ಪತ್ರ, ಶುರು ಮಾಡಿ ಅಂದಿದ್ದಾರೆ. ಈಗಿನ ಕಾಲದಲ್ಲಿ ಮೇಲ್ ಯಾರು ಓದುತ್ತಾರೆ ಅಂತ ನಿಮಗೆ ಅನುಮಾನ.

ಓದುತ್ತಾರೆ. ನಾನು ಕಲಬುರಗಿಯಿಂದ ಇಂಥ ಪತ್ರ 2017ರಿಂದ ಕಳಿಸುತ್ತಿದ್ದೇನೆ. ನಮ್ಮ ಭಾಗದ ಕೋಟೆ, ಗುಮ್ಮಟ, ಶಾಸನ, ಹಳೇ ಬಾವಿಗಳ ಬಗ್ಗೆ ನನ್ನದೊಂದು ಸಣ್ಣ ಸೈಟ್ ಇದೆ. ಮಳಖೇಡ, ಸನ್ನತಿ, ಭೀಮಾ ದಂಡೆಯ ಫಿರೋಜಾಬಾದ್, ನಮ್ಮೂರಿನ ಸಪ್ತ ಗುಮ್ಮಟ, ಇಂಥವು. ದುಡ್ಡು ಬರುವ ಕೆಲಸವಲ್ಲ. ಪತ್ರದ ಪಟ್ಟಿಯಲ್ಲಿ ಇವತ್ತು ಆರುನೂರು ಚಿಲ್ಲರೆ ಮಂದಿ ಇದ್ದಾರೆ. ಅಷ್ಟೇನಾ ಅಂತ ನಗಬೇಡಿ, ಒಮ್ಮೆ ಇದಕ್ಕಿಂತ ದೊಡ್ಡ ಪಟ್ಟಿ ಇತ್ತು, ಅದೇ ನನ್ನನ್ನು ಹಾಳು ಮಾಡಿದ್ದು.

ಆ ಕಥೆ ಮೊದಲು ಹೇಳಿಬಿಡುತ್ತೇನೆ. ನಾವು ಕೆಲವರು ಸೇರಿ ಭಾನುವಾರ ಕೋಟೆ ತೋರಿಸುವ ನಡಿಗೆ ಮಾಡುತ್ತಿದ್ದೆವು. ಬಂದವರೆಲ್ಲ ರಿಜಿಸ್ಟರಿನಲ್ಲಿ ಹೆಸರು, ಫೋನ್, ಮೇಲ್ ಐಡಿ ಬರೆಯುತ್ತಿದ್ದರು. ಮುನ್ನೂರು ವಿಳಾಸ ಸುಮ್ನೆ ಬಿದ್ದಿವೆಯಲ್ಲ ಅಂತ ಒಂದು ರಾತ್ರಿ ಕೂತು ಎಲ್ಲವನ್ನೂ ಪಟ್ಟಿಗೆ ಸೇರಿಸಿದೆ. ಯಾರನ್ನೂ ಕೇಳಲಿಲ್ಲ. ಮರುದಿನ ಪತ್ರ ಹೋಯಿತು. ಎಷ್ಟೋ ವಿಳಾಸ ತಪ್ಪಾಗಿದ್ದವು, ವಾಪಸ್ ಬಂದವು. ಇನ್ನು ಕೆಲವರು ಇವನು ಯಾರು ಅಂತ ಸ್ಪ್ಯಾಮ್ ಬಟನ್, ಅಂದರೆ ಇದು ಬೇಡದ ಕಸದ ಮೇಲ್ ಅಂತ ದೂರುವ ಬಟನ್, ಒತ್ತಿದರು. ಅಲ್ಲಿಂದ ಮೂರ್ನಾಲ್ಕು ತಿಂಗಳು, ತಾವಾಗಿಯೇ ಸೇರಿದ್ದ ಹಳೇ ಓದುಗರಿಗೂ ನನ್ನ ಪತ್ರ ಸ್ಪ್ಯಾಮ್ ಫೋಲ್ಡರಿಗೇ ಹೋಗುತ್ತಿತ್ತು. ಯಾರದೋ ಜಮೀನು ಜಗಳದಲ್ಲಿ ಪಕ್ಕದ ಹೊಲದವನ ಬದು ಒಡೆದಂತೆ.

ಈಗಂತೂ ಲೆಕ್ಕ ಇನ್ನೂ ಬಿಗಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಮೇಲ್ ಕಳಿಸುವವರ ಮೇಲಿನ ನಿಯಮ ಬಿಗಿ ಮಾಡಿವೆ. ಸ್ಪ್ಯಾಮ್ ಅಂತ ದೂರುವವರು 0.3 ಶೇಕಡಾ ದಾಟಬಾರದು, 0.1ರ ಒಳಗಿದ್ದರೆ ಒಳ್ಳೆಯದು ಅಂತ ಗೂಗಲ್ಲೇ ಹೇಳುತ್ತದೆ. ಮುನ್ನೂರು ಮಂದಿಯ ಪಟ್ಟಿಯಲ್ಲಿ ಒಬ್ಬ ಬಟನ್ ಒತ್ತಿದರೆ ಅದೇ 0.33. ಒಬ್ಬನೇ ಒಬ್ಬ! ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಹೋಗುವ ಬಟನ್ ಕಡ್ಡಾಯ. ನಿಮ್ಮದು ಸಣ್ಣದಾದರೂ ಇಡಿ. ಹೋಗುವವರಿಗೆ ಬಾಗಿಲು ಕಾಣದಿದ್ದರೆ ಅವರು ಸ್ಪ್ಯಾಮ್ ಬಟನ್ನನ್ನೇ ಬಾಗಿಲು ಮಾಡಿಕೊಳ್ಳುತ್ತಾರೆ.

ಆ ರಿಜಿಸ್ಟರಿನಿಂದ ನಾನು ಕಲಿತ ಇನ್ನೊಂದು ವಿಷಯ ನಿಮಗೆ ಇನ್ನೂ ಮುಖ್ಯ. ನಮ್ಮ ಕಡೆ ಮೇಲ್ ಐಡಿ ಹುಟ್ಟುವುದು ಎಲ್ಲಿ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಹೊಸ ಫೋನ್ ತಗೊಂಡಾಗ ಮೊಬೈಲ್ ಅಂಗಡಿಯ ಹುಡುಗ ಒಂದು ಐಡಿ ಮಾಡಿ ಕೊಡುತ್ತಾನೆ, ಹೆಸರಿನ ಹಿಂದೆ ನಾಲ್ಕು ಅಂಕಿ, ಪಾಸ್‌ವರ್ಡ್ ಅವನಿಗೇ ಗೊತ್ತು. ಇಲ್ಲ ಅಂದರೆ ಕೆಪಿಎಸ್‌ಸಿಗೋ ಕೆಇಎಗೋ ಅರ್ಜಿ ಹಾಕುವಾಗ ನೆಟ್ ಸೆಂಟರಿನವರು ಮಾಡಿಕೊಡುತ್ತಾರೆ, ಗಡಿಬಿಡಿ ಇದ್ದರೆ ತಮ್ಮದೇ ಐಡಿ ಹಾಕಿ ಕಳಿಸಿಬಿಡುತ್ತಾರೆ. ನನ್ನ ರಿಜಿಸ್ಟರಿನಲ್ಲಿ ಒಂದೇ ಐಡಿ ಐದು ಬೇರೆ ಬೇರೆ ಹೆಸರಿನ ಮುಂದೆ ಇತ್ತು. ಹೋಗಿ ನೋಡಿದರೆ ಅದು ಒಂದು ಝೆರಾಕ್ಸ್ ಅಂಗಡಿಯದು. ಅಂದರೆ ಊರಿನ ಬಹಳ ಜನಕ್ಕೆ ಮೇಲ್ ಐಡಿ ಅನ್ನುವುದು ಅರ್ಜಿಯ ಒಂದು ಕಾಲಂ, ಓದುವ ಜಾಗವಲ್ಲ. ಅವರು ಇರುವುದು ವಾಟ್ಸಾಪಿನಲ್ಲಿ.

ಹಾಗಾದರೆ ನನ್ನ ಆರುನೂರು ಮಂದಿ ಯಾರು? ಅರ್ಧಕ್ಕಿಂತ ಜಾಸ್ತಿ ಊರು ಬಿಟ್ಟವರು. ಹೈದರಾಬಾದ್, ಪುಣೆ, ಬೆಂಗಳೂರು, ಸೊಲ್ಲಾಪುರ, ಕೊಲ್ಲಿ ದೇಶದಲ್ಲಿ ಕೆಲವರು. ದಿನಾ ಆಫೀಸಿನಲ್ಲಿ ಮೇಲ್ ನೋಡುವ ರೂಢಿ ಇರುವವರು. ಮಿಕ್ಕವರಲ್ಲಿ ರಿಟೈರ್ ಆದ ಮೇಷ್ಟ್ರುಗಳು, ಕಾಲೇಜಿನವರು, ಒಂದಿಷ್ಟು ವಕೀಲರು. ಅವರಿಗೆ ವಾಟ್ಸಾಪ್ ಅಂದರೆ ಗುಡ್ ಮಾರ್ನಿಂಗ್ ಫೋಟೋಗಳ ಸಂತೆ. ಮೇಲ್ ಸ್ವಲ್ಪ ಶಾಂತ. ಪತ್ರ ಬಂದರೆ ಇಟ್ಟುಕೊಳ್ಳುತ್ತಾರೆ, ಭಾನುವಾರ ಓದುತ್ತಾರೆ, ಎರಡು ವರ್ಷ ಬಿಟ್ಟು ಹುಡುಕಿ ಮತ್ತೆ ತೆಗೆಯುತ್ತಾರೆ.

ಒಮ್ಮೆ ವೀರಗಲ್ಲುಗಳ ಬಗ್ಗೆ ಬರೆದಿದ್ದೆ. ಹೈದರಾಬಾದಿನಿಂದ ಒಬ್ಬರು ಉತ್ತರ ಬರೆದರು, ಚಿತ್ತಾಪುರ ಕಡೆಯವರು. "ನಮ್ಮ ಹೊಲದ ಬದುವಿನ್ಯಾಗ ಇಂಥದೇ ಒಂದು ಕಲ್ಲ ಅದರಿ, ನಮ್ಮವ್ವ ಅಮಾಸಿಗಿ ಅಮಾಸಿಗಿ ಎಣ್ಣಿ ಹಚ್ಚತಿದ್ಲು." ಊರಿಗೆ ಹೋದಾಗ ಫೋಟೋ ತೆಗೆದು ಕಳಿಸಿದರು. ಆ ಫೋಟೋದಿಂದ ಆದ ಬರಹವೇ ನನ್ನ ಸೈಟಿನಲ್ಲಿ ಇವತ್ತಿಗೂ ಜಾಸ್ತಿ ಓದಿಸಿಕೊಳ್ಳುವುದು. ಫೇಸ್‌ಬುಕ್ ಪೇಜಿಗೆ ಇದರ ಹತ್ತು ಪಟ್ಟು ಮಂದಿ ಇದ್ದಾರೆ, ಇಂಥ ಒಂದು ಮಾತೂ ಅಲ್ಲಿಂದ ಬಂದಿಲ್ಲ. "ಸೂಪರ್ ಸರ್" ಅಂತ ಬರುತ್ತದೆ, ಅಷ್ಟೇ.

ಹಾಗಾಗಿ ಎಷ್ಟು ಜನ ತೆರೆದರು ಅನ್ನುವ ಲೆಕ್ಕವನ್ನು ನಾನು ನೋಡುವುದು ಬಿಟ್ಟಿದ್ದೇನೆ. ಆ ಲೆಕ್ಕ ನಡೆಯುವುದು ಪತ್ರದೊಳಗೆ ಅಡಗಿಸಿಟ್ಟ ಕಣ್ಣಿಗೆ ಕಾಣದ ಒಂದು ಚುಕ್ಕಿ ಚಿತ್ರದಿಂದ. ಚಿತ್ರ ಲೋಡ್ ಆದರೆ ತೆರೆದರು ಅಂತ ಅರ್ಥ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪಿನಲ್ಲಿ ಓದುಗ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಲೋಡ್ ಮಾಡುವ ವ್ಯವಸ್ಥೆ ತಂದಿತು. ಆ ಸೌಲಭ್ಯ ಆನ್ ಇರುವ ಐಫೋನಿನವರೆಲ್ಲ ಲೆಕ್ಕದಲ್ಲಿ ತೆರೆದವರೇ! ನಾನು ಎಣಿಸುವುದು ಉತ್ತರಗಳನ್ನು. ಕಳೆದ ಬೇಸಿಗೆಯಲ್ಲಿ ಮನೆ ಕಟ್ಟಿಸುವ ಗದ್ದಲದಲ್ಲಿ ಆರು ವಾರ ಪತ್ರ ಹೋಗಲಿಲ್ಲ. ಏಳು ಜನ ಬರೆದರು, "ಯಾಕ್ರಿ ಸರ, ಆರಾಮ ಇದ್ದೀರಿಲ್ಲೋ?" ಅಂತ. ಫೇಸ್‌ಬುಕ್ಕಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಇನ್ನು ಪಟ್ಟಿ ನಿಮ್ಮ ಕೈಯಲ್ಲಿ ಇರುವುದರ ಬೆಲೆ. 2018ರ ಜನವರಿಯಲ್ಲಿ ಫೇಸ್‌ಬುಕ್ ಕಂಪನಿ, ಪೇಜುಗಳಿಗಿಂತ ಗೆಳೆಯರು, ಮನೆಯವರ ಪೋಸ್ಟುಗಳಿಗೆ ಹೆಚ್ಚು ಜಾಗ ಕೊಡುತ್ತೇವೆ ಅಂದಿತು, ನಮ್ಮಂಥ ಪೇಜುಗಳು ಅಲ್ಲಿಂದ ಮಲಗಿದವು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು. ನಮ್ಮ ಓಣಿಯ ಹುಡುಗನೊಬ್ಬ ಸಾವಿರಾರು ಫಾಲೋವರ್ಸ್ ಕೂಡಿಸಿದ್ದ, ರಾತ್ರೋರಾತ್ರಿ ಸೊನ್ನೆ. ಗೂಗಲ್ ಹುಡುಕಾಟದಲ್ಲಿ 2024ರ ಆಗಸ್ಟಿನಿಂದ ಭಾರತದಲ್ಲೂ ಮೇಲ್ಗಡೆ ಎಐ ಸಾರಾಂಶ ಬರುತ್ತಿದೆ, ಅದನ್ನೇ ಓದಿ ಜನ ಹೋಗುತ್ತಾರೆ. ನನ್ನ ಪತ್ರ ಮೊದಲು ಹೋಗುತ್ತಿದ್ದದ್ದು ಗೂಗಲ್ಲಿನ ಫೀಡ್‌ಬರ್ನರ್ ಅನ್ನುವ ಸೇವೆಯ ಮೂಲಕ. 2021ರ ಜುಲೈನಲ್ಲಿ ಅವರು ಮೇಲ್ ಸೇವೆ ನಿಲ್ಲಿಸಿದರು. ಆದರೆ ವಿಳಾಸಗಳನ್ನು ಡೌನ್‌ಲೋಡ್ ಮಾಡಿಕೊಂಡು ಬೇರೆ ಕಡೆ ಹಾಕಿದೆ, ಮುಂದಿನ ಪತ್ರ ಎಂದಿನಂತೆ ಹೋಯಿತು. ಫೇಸ್‌ಬುಕ್ಕಿನ ಫಾಲೋವರ್ಸನ್ನು ಹಾಗೆ ಚೀಲಕ್ಕೆ ತುಂಬಿಕೊಂಡು ಹೊರಡಲು ಆಗುತ್ತದಾ?

ವಾಟ್ಸಾಪ್ ಚಾನೆಲ್, ಅಂದರೆ ನೀವು ಹಾಕಿದ್ದನ್ನು ಫಾಲೋ ಮಾಡಿದವರೆಲ್ಲ ನೋಡುವ ಜಾಗ, ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಮಾಡಿ, ನಾನೂ ಮಾಡಿದ್ದೇನೆ, ಊರಿನವರು ಅಲ್ಲೇ ಸಿಗುತ್ತಾರೆ. ಆದರೆ ಫಾಲೋ ಮಾಡುವವರ ನಂಬರ್ ಪಟ್ಟಿಯಾಗಿ ನಿಮ್ಮ ಕೈಗೆ ಬರುವುದಿಲ್ಲ. ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಒಂದಕ್ಕೆ 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ.

ಕನ್ನಡದಲ್ಲಿ ಕಳಿಸುವವರಿಗೆ ಇರುವ ಒಂದು ತೊಂದರೆ ಹೇಳುತ್ತೇನೆ, ಇಂಗ್ಲಿಷಿನವರು ಬರೆದ ಸಲಹೆಗಳಲ್ಲಿ ನನಗಿದು ಸಿಗಲೇ ಇಲ್ಲ. ಜಿಮೇಲ್ ಸುಮಾರು 102 ಕೆಬಿ ದಾಟಿದ ಪತ್ರವನ್ನು ಅರ್ಧಕ್ಕೇ ಕತ್ತರಿಸಿ, ಪೂರ್ತಿ ನೋಡಲು ಒಂದು ಲಿಂಕ್ ಕೊಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ (ಸುಮಾರು ಸಾವಿರ ಬೈಟ್ ಸೇರಿದರೆ ಒಂದು ಕೆಬಿ), ಕನ್ನಡದ ಪ್ರತಿ ಚಿಹ್ನೆಗೂ ಮೂರು. "ಸ್ತ್ರೀ" ಅನ್ನುವುದು ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಚಿಹ್ನೆ, 18 ಬೈಟ್. ಸಾವಿರ ಪದದ ಬರಹವೇ 20 ಕೆಬಿ ದಾಟುತ್ತದೆ. ಅದರ ಮೇಲೆ ಬಣ್ಣಬಣ್ಣದ ಟೆಂಪ್ಲೇಟ್, ಡಬ್ಬಿಗಳು, ಬಟನ್ನುಗಳು ಸೇರಿದರೆ ಮಿತಿ ಮುಗಿಯಿತು. ಕತ್ತರಿಸಿ ಹೋಗುವುದು ಯಾವುದು? ಕೊನೆಯ ಭಾಗ. ಅಲ್ಲೇ ತಾನೇ ಪಟ್ಟಿಯಿಂದ ಹೊರಹೋಗುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಇರುವುದು! ಅದು ಕಾಣದಿದ್ದರೆ ಮತ್ತೆ ಅದೇ ಸ್ಪ್ಯಾಮ್ ಬಟನ್. ಅದಕ್ಕೇ ನನ್ನ ಪತ್ರ ಬಿಳಿ ಹಾಳೆಯಂತೆ ಇರುತ್ತದೆ, ಒಂದು ಫೋಟೋ, ಬರಹ, ಮುಗಿಯಿತು. ಫೋನಿನಲ್ಲಿ ಸಬ್ಜೆಕ್ಟ್ ಸಾಲು ಅರ್ಧವೇ ಕಾಣುವುದರಿಂದ ಊರಿನ ಹೆಸರು ಮೊದಲು ಹಾಕುತ್ತೇನೆ. "ಸನ್ನತಿ: ಅಶೋಕನ ಶಾಸನ ಸಿಕ್ಕ ಗುಡಿ" ಅಂತ ಇದ್ದರೆ ಸನ್ನತಿಯಾದರೂ ಕಾಣುತ್ತದೆ.

ತಾಂತ್ರಿಕ ಕೆಲಸ ಒಂದು ಮಧ್ಯಾಹ್ನದ್ದು. ಸ್ವಂತ ಡೊಮೇನಿನ, ಅಂದರೆ ನಿಮ್ಮ ಸೈಟಿನ ಹೆಸರೇ ಇರುವ, ವಿಳಾಸದಿಂದ ಕಳಿಸಿ. ಸಾದಾ ಜಿಮೇಲ್ ವಿಳಾಸ ಇಟ್ಟು ಬೇರೆ ಕಂಪನಿಯ ಸರ್ವರಿನಿಂದ ಕಳಿಸಿದರೆ ಸ್ಪ್ಯಾಮಿಗೆ ಹೋಗುವುದೇ ಜಾಸ್ತಿ. ಡೊಮೇನಿನಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ದಾಖಲೆ ಹಾಕಬೇಕು. ನಮ್ಮ ಹೆಸರಿನಲ್ಲಿ ಯಾರು ಪತ್ರ ಹಾಕಬಹುದು ಅನ್ನುವ ಪಟ್ಟಿ ಮೊದಲನೆಯದು, ಪತ್ರದ ಮೇಲಿನ ಸೀಲು ಎರಡನೆಯದು, ಇವೆರಡೂ ತಾಳೆ ಆಗದಿದ್ದರೆ ಏನು ಮಾಡಬೇಕು ಅನ್ನುವುದು ಮೂರನೆಯದು. ಕಳಿಸುವ ಸೇವೆಯವರೇ ಏನು ಬರೆಯಬೇಕು ಅಂತ ಕೊಡುತ್ತಾರೆ, ನೀವು ಅಂಟಿಸಿದರಾಯಿತು.

ಓದುಗರನ್ನು ಕೇಳುವ ಜಾಗ ಬರಹದ ಕೊನೆ. ಪೇಜ್ ತೆರೆದ ತಕ್ಷಣ ಮುಖಕ್ಕೆ ಬಂದು ನಿಲ್ಲುವ ಡಬ್ಬಿ ನನಗೆ ಆಗುವುದಿಲ್ಲ, ಬಾಗಿಲಲ್ಲೇ ತಡೆದು ಚಂದಾ ಕೇಳಿದಂತೆ. ನನ್ನದು ಒಂದೇ ಸಾಲು: "ಎರಡು ವಾರಕ್ಕೊಮ್ಮೆ ನಮ್ಮ ಭಾಗದ ಒಂದು ಹಳೇ ಜಾಗದ ಬಗ್ಗೆ ಬರೆದು ಕಳಿಸುತ್ತೇನೆ, ಬೇರೇನೂ ಕಳಿಸುವುದಿಲ್ಲ." ಹೆಸರು ಕೊಟ್ಟ ಮೇಲೆ ಖಾತ್ರಿ ಮಾಡಿಕೊಳ್ಳುವ ಒಂದು ಮೇಲ್ ಹೋಗುತ್ತದೆ, ಅದರಲ್ಲಿ ಒತ್ತಿದವರು ಮಾತ್ರ ಪಟ್ಟಿಗೆ. ಝೆರಾಕ್ಸ್ ಅಂಗಡಿಯ ಐಡಿಗಳು ಅಲ್ಲೇ ಉದುರುತ್ತವೆ. ವರ್ಷಕ್ಕೊಮ್ಮೆ, ಇನ್ನೂ ಬೇಕಾ ಅಂತ ಕೇಳಿ ಉತ್ತರ ಕೊಡದವರನ್ನು ತೆಗೆಯುತ್ತೇನೆ. ಹೊಟ್ಟೆ ಉರಿಯುತ್ತದೆ, ಆದರೂ ತೆಗೆಯುತ್ತೇನೆ.

ಒಂದು ನಿಜ ಮುಚ್ಚಿಡುವುದಿಲ್ಲ. ಪತ್ರದಿಂದ ಸೈಟಿಗೆ ಬರುವವರ ಸಂಖ್ಯೆ ಮೇಲೇರುತ್ತದೆ ಅಂತ ಲೆಕ್ಕ ಹಾಕಿದ್ದರೆ ಬೇಜಾರಾಗುತ್ತೀರಿ. ನಾನು ಪೂರ್ತಿ ಬರಹವನ್ನೇ ಪತ್ರದಲ್ಲಿ ಹಾಕುವುದರಿಂದ ಜನ ಅಲ್ಲೇ ಓದಿ ಮುಗಿಸುತ್ತಾರೆ, ಸೈಟಿಗೆ ಬರುವುದೇ ಇಲ್ಲ. ನಿಮಗೆ ಜಾಹೀರಾತಿನ ದುಡ್ಡು ಮುಖ್ಯವಾದರೆ ಮೊದಲ ನಾಲ್ಕು ಸಾಲು ಹಾಕಿ ಲಿಂಕ್ ಕೊಡಿ, ಆದರೆ ಆ ನಾಲ್ಕು ಸಾಲಿನಲ್ಲೂ ಓದುಗನಿಗೆ ಏನಾದರೂ ಸಿಗಲಿ, ಬರೀ ಆಸೆ ತೋರಿಸಬೇಡಿ.

ನಿಮ್ಮ ಸೈಟ್ ಯಾವುದರ ಬಗ್ಗೆ ಅಂತ ನೀವು ಬರೆದಿಲ್ಲ. ಸುರಪುರದ ಇತಿಹಾಸ, ಅಡುಗೆ, ಕಥೆ, ಪರೀಕ್ಷೆಯ ಓದು, ಇಂಥದ್ದಾದರೆ ಇವತ್ತೇ ಶುರು ಮಾಡಿ, ಹತ್ತು ಜನರಿಂದಲಾದರೂ ಸರಿ. ತೊಗರಿ ದರ, ಕರೆಂಟ್ ಹೋಗುವ ಸಮಯ, ಬಸ್ ವೇಳೆ ಅಂತ ದಿನದಿನದ ಸುದ್ದಿಯಾದರೆ ಮೇಲ್ ಬೇಡ, ವಾಟ್ಸಾಪೇ ಸಾಕು. ಸಂಜೆ ಕಳಿಸಿದ ದರದ ಮೇಲನ್ನು ರೈತ ಭಾನುವಾರ ತೆರೆದರೆ, ಅಷ್ಟರಲ್ಲಿ ತೊಗರಿ ಎಪಿಎಂಸಿಯಲ್ಲಿ ಇಳಿದು, ತೂಕ ಆಗಿ, ಲಾರಿ ಹತ್ತಿರುತ್ತದೆ.